ಎಡೆ

ತಿಂಗಳ ಎರಡನೇ ಮಂಗಳವಾರ, ಸಂಜೆ ಆರೂವರೆ,
ಅಯೋವಾದ ಜೋಳದ ಹೊಲಗಳ ನಡುವೆ ನಮ್ಮೂರು,
ಊರಿನ ಗ್ರಂಥಾಲಯ, ಅದರ ನೆಲಮಾಳಿಗೆ.
ಏಳು ಕುರ್ಚಿ, ಐದು ಜನ. ಕೋರಂಗೆ ನಾಲ್ಕು ಸಾಕು.
ನಗರಸಭೆ ನಮ್ಮನ್ನು ನೇಮಿಸಿದ್ದು ಸೌಹಾರ್ದಕ್ಕೆ.
ಸಂಬಳವಿಲ್ಲ, ಕಾಫಿ ನಾವೇ ತರಬೇಕು.
ವರ್ಷಕ್ಕೆ ಆರುನೂರು ಡಾಲರು; ಅದರಲ್ಲಿ ನಾನೂರು
ಆಹಾರ ಮೇಳದ ಬಾಡಿಗೆ ಶೌಚಾಲಯಕ್ಕೇ ಹೋಯಿತು.
ಉಳಿದದ್ದರಲ್ಲಿ ಸೌಹಾರ್ದ.

ನಡಾವಳಿ ಬರೆಯುವವಳು ನಾನು.
ಅಕ್ಷರ ಚೆನ್ನಾಗಿದೆ ಅಂತಲ್ಲ,
ಬೇಡ ಅನ್ನಲು ಬಾಯಿ ಬರಲಿಲ್ಲ.

ಮೊದಲನೇ ವಿಷಯ: ಜಪಾನಿನ ಸೋದರಿ ನಗರ
ಹನ್ನೊಂದು ವರ್ಷದ ಹಿಂದೆ ಕಳಿಸಿದ ಬೊಂಬೆ,
ಅದರ ಗಾಜಿನ ಪೆಟ್ಟಿಗೆ ಒರೆಸುವವರು ಯಾರು?
ಮುಂದೂಡಲಾಯಿತು.
ಎರಡನೆಯದು: ಸ್ಮಶಾನ.

ವೆರ್ಲಿನ್ ಎದ್ದು ನಿಂತ. ಹುಲ್ಲು ಕತ್ತರಿಸುವವನು,
ಇಪ್ಪತ್ತಾರು ಬೇಸಿಗೆ ಅದೇ ಗುಡ್ಡದ ಮೇಲೆ.
ಪ್ಯಾಂಟು ಮೇಲೆಳೆದು ಕಾಲು ತೋರಿಸಿದ: ಆರು ಹೊಲಿಗೆ.
ಲಾವೋ ಜನರ ಸಾಲಿನಲ್ಲಿ, ಹುಲ್ಲಿನೊಳಗೆ ಪಿಂಗಾಣಿ ಬಟ್ಟಲು,
ಬ್ಲೇಡಿಗೆ ಸಿಕ್ಕಿ ಚೂರು ಹಾರಿತು.
"ಅನ್ನ ಇಡ್ತಾರೆ. ಮೊಟ್ಟೆ. ಬಿಯರ್ ಡಬ್ಬಿ, ಅದೂ ತೆರೆದು.
ನನಗೆ ಯಾರ ಮೇಲೂ ಏನೂ ಇಲ್ಲ."
ಮೇಜಿನ ಮೇಲೆ ಮೂರು ನಿಮಿಷದ ಗಡಿಯಾರ,
ಯಾರದೋ ಅಡುಗೆಮನೆಯದು, ಕೋಳಿಯ ಆಕಾರದ್ದು,
ಟಿಕಟಿಕ ಅನ್ನುತ್ತಿತ್ತು.

ನಿಯಮ ಹದಿನಾಲ್ಕು, ಅಂದಳು ಅಧ್ಯಕ್ಷೆ ಆರ್ಲೆಟ್ಟಾ
ಕನ್ನಡಕವನ್ನು ಮೂಗಿನ ತುದಿಗೆ ತಂದು:
ಗೋರಿಯ ಮೇಲೆ ಹೂ ಇಡಬಹುದು,
ನಿಜದ್ದು ಅಥವಾ ಪ್ಲಾಸ್ಟಿಕ್ಕಿನದು. ಮಿಕ್ಕಿದ್ದೆಲ್ಲ ಕಸ.
ಪ್ಲಾಸ್ಟಿಕ್ ಕಸ ಅಲ್ಲವಾ, ಎಂದು ಕೇಳಿದಳು
ಮತ ಹಾಕುವ ಹಕ್ಕಿಲ್ಲದ ವಿದ್ಯಾರ್ಥಿ ಸದಸ್ಯೆ ಉಬಾ.
ಪಾದ್ರಿಗಳು ತಮ್ಮ ಬೂಟು ನೋಡಿಕೊಂಡರು.
ಬೇಕರಿಯ ಎಲಿಸೆಯೊ ಮೆಲ್ಲಗೆ ಹೇಳಿದ,
ನವೆಂಬರಿನಲ್ಲಿ ನಾವೂ ಇಡುತ್ತೇವೆ, ಬ್ರೆಡ್ಡು,
ಕತ್ತಲಾದ ಮೇಲೆ; ಬೆಳಕು ಹರಿಯುವ ಮೊದಲು
ಎತ್ತಿಬಿಡುತ್ತೇವೆ, ಕಳ್ಳರ ಹಾಗೆ.
ಇದನ್ನು ಬರೀಬೇಡ, ಅಂದ ನನ್ನ ಕಡೆ ತಿರುಗಿ.

ಹಿಂದಿನ ಸಾಲಿನಲ್ಲಿ ಬುವಾಖಾಮ್ ಅಜ್ಜಿ.
ಹಂದಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಮೂಳೆ ಬಿಡಿಸಿದ ಬೆರಳುಗಳು ಮಡಿಲಲ್ಲಿ ತೆಪ್ಪಗೆ.
ಮೊಮ್ಮಗಳು ದಾವಾನ್ ಒಂದೊಂದೇ ಮಾತನ್ನು
ಅಜ್ಜಿಯ ಕಿವಿಗೆ ದಾಟಿಸುತ್ತಿದ್ದಳು.
'ಕಸ'ದ ಹತ್ತಿರ ಬಂದು ತಡೆದಳು.
ಆ ಪದ ದಾಟಲಿಲ್ಲ. ನಾನು ನೋಡಿದೆ.

ಆಗ ವೆರ್ಲಿನ್, ಕೋಳಿ ಕೂಗಿದ ಮೇಲೂ ಕೂರದೆ,
ಟೋಪಿಯನ್ನು ಕೈಯಲ್ಲಿ ತಿರುವುತ್ತಾ,
"ಇನ್ನೊಂದು ಮಾತು. ಜೂನಿನಲ್ಲಿ ಒಂದು ದಿನ
ಬುತ್ತಿ ಮರೆತು ಬಂದಿದ್ದೆ.
ಮಷೀನು ನಿಲ್ಲಿಸಿದೆ. ಮೊಟ್ಟೆ ತಿಂದೆ.
ಒಂದೇ. ಬಿಯರ್ ಮುಟ್ಟಲಿಲ್ಲ."

ಹೀಟರಿನ ಕೊಳವೆಯಲ್ಲಿ ನೀರು ಗುಳುಗುಳು ಅಂದಿತು.
ದಾವಾನ್ ನಮ್ಮ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು,
ಕೊನೆಗೆ ಹೇಳಿಯೇಬಿಟ್ಟಳು.
ಅಜ್ಜಿ ಏನೋ ಕೇಳಿದಳು, ಚಿಕ್ಕದು.
"ಉಪ್ಪು ಸಾಕಾಗಿತ್ತಾ ಅಂತ ಕೇಳ್ತಿದಾರೆ."
ವೆರ್ಲಿನ್ ಯೋಚಿಸಿದ. ನಿಜವಾಗಿಯೂ ಯೋಚಿಸಿದ.
"ಇರಲಿಲ್ಲ."
ಅಜ್ಜಿ ತಲೆಯಾಡಿಸಿದಳು, ಅಡುಗೆ ಸರಿಯಾಯಿತು ಎಂಬಂತೆ.
"ತಾತನಿಗೆ ಬಿಪಿ ಇದೆಯಂತೆ.
ಉಪ್ಪು ಹಾಕೋ ಹಾಗಿಲ್ಲವಂತೆ."

ಇದೆಯಂತೆ.
ಮೊದಲು ನಕ್ಕವಳು ಉಬಾ. ಆಮೇಲೆ ಅಜ್ಜಿಯೇ.
ಆರ್ಲೆಟ್ಟಾ ಮಾತ್ರ ಕನ್ನಡಕ ತೆಗೆದು
ಬಹಳ ಹೊತ್ತು ಒರೆಸಿದಳು.

ನಾನು ಬರೆದೆ: ಎರಡನೇ ವಿಷಯದ ಮೇಲೆ ಚರ್ಚೆ ನಡೆಯಿತು.
ನಗರದ ವಕೀಲರ ಅಭಿಪ್ರಾಯ ಪಡೆಯುವುದೆಂದು ತೀರ್ಮಾನಿಸಿ
ಮುಂದಿನ ತಿಂಗಳಿಗೆ ಇಡಲಾಯಿತು.
ಮಿಕ್ಕಿದ್ದಕ್ಕೆ ಆ ಹಾಳೆಯಲ್ಲಿ ಎಡೆಯಿಲ್ಲ.

ಕುರ್ಚಿ ಮಡಚಿದೆವು. ದೀಪ ಆರಿಸಿದವಳು ನಾನೇ.
ನನ್ನಣ್ಣನೂ ಅದೇ ಗುಡ್ಡದಲ್ಲಿದ್ದಾನೆ,
ನಿಯಮದ ಪ್ರಕಾರ ಪ್ಲಾಸ್ಟಿಕ್ ಗುಲಾಬಿಯ ಕೆಳಗೆ.
ಹೂ ಕಂಡರೇ ಸೀನುತ್ತಿದ್ದ ಮನುಷ್ಯ.
ಅವನಿಗೆ ಬೇಕಾದದ್ದು ಹುರಿದ ಕಡಲೇಕಾಯಿ,
ಸಿಪ್ಪೆ ಸಮೇತ, ಕೋಟಿನ ಜೇಬಿನ ತುಂಬ.

ಈ ವರ್ಷದ ಕೊನೆಯ ಹುಲ್ಲು ಕತ್ತರಿಸುವುದು ಗುರುವಾರ.
ಶುಕ್ರವಾರ ನನಗೆ ಬೇರೆ ಕೆಲಸವಿಲ್ಲ.